ಕಷ್ಟ ಕೇಳಿದವಳು

2007ರ ಕಾರ್ತಿಕ. ಅವ್ವನಿಗೆ ಎಡೆಯೂರಿನ ಹರಕೆಯೊಂದು ಬಾಕಿ ಇತ್ತು. ಚನ್ನರಾಯಪಟ್ಟಣದಲ್ಲಿ ಬೆಂಗಳೂರು ಬಸ್ಸು ಹತ್ತಿ, ಹಿರೀಸಾವೆ, ಬೆಳ್ಳೂರು ಕ್ರಾಸ್ ದಾಟಿ ಎಡೆಯೂರಿನಲ್ಲಿ ಇಳಿದೆವು. ಸಿದ್ಧಲಿಂಗೇಶ್ವರ ಸ್ವಾಮಿಯ ದರ್ಶನವಾಯಿತು. ದಾಸೋಹಕ್ಕೆ ಇನ್ನೂ ಹೊತ್ತಿತ್ತು. ಅವ್ವ ಒಂದು ಕಂಬಕ್ಕೆ ಒರಗಿ ಕೂತಳು. ಕಂಬದ ಆಚೆ ಬದಿಯಲ್ಲಿ ನಾನು ಮಗನಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದೆ.

ಯಾರೋ ಒಬ್ಬ ಹೆಂಗಸು ಬಂದು ಅವ್ವನ ಪಕ್ಕದಲ್ಲಿ ಕೂತರು.

“ಯಾವೂರಾಯ್ತಕ್ಕ?”

“ಹೊಳೆನರಸೀಪುರದ ತಾವ ಕಣವ್ವ.”

“ಹರಕೆನಾ? ಏನ್ ಕಷ್ಟ ಇತ್ತೋ ಪಾಪ.”

ಅಷ್ಟೇ ಸಾಕಾಯಿತು. ಹತ್ತು ನಿಮಿಷದೊಳಗೆ ಅವ್ವ ಆ ಅಪರಿಚಿತೆಗೆ ಹೇಳಿದ ಮಾತು ಮೂವತ್ತೈದು ವರ್ಷ ಅವಳ ಮಗಳಾಗಿದ್ದ ನನಗೆ ಗೊತ್ತೇ ಇರಲಿಲ್ಲ. ನನಗಿಂತ ಮುಂಚೆ ಇನ್ನೊಂದು ಹೆಣ್ಣುಮಗು ಹುಟ್ಟಿತ್ತಂತೆ. ಮೂರು ತಿಂಗಳಿಗೆ ಜ್ವರ ಬಂದು ಹೋಯಿತಂತೆ. ಅವತ್ತು ಅವ್ವ ಅಳಲಿಲ್ಲವಂತೆ. “ಹೆತ್ತ ಕೂಸು ಹೋದ್ರೂ ಕಣ್ಣಲ್ಲಿ ಹನಿ ಇಲ್ಲ, ಇವಳೆಂಥ ತಾಯಿ ಅಂತ ನಮ್ಮತ್ತೆ ಊರೆಲ್ಲ ಹೇಳ್ಕಂಡ್ ಬಂದ್ರು” ಎಂದಳು. ಆ ಹೆಂಗಸು ಅವ್ವನ ಕೈ ಹಿಡಿದುಕೊಂಡು ಕೇಳುತ್ತಿದ್ದರು. ತಮ್ಮ ಚೀಲದಿಂದ ಬಾಟಲಿ ತೆಗೆದು “ಒಂದ್ ಗುಟುಕು ನೀರು ಕುಡಿಯಿರಿ” ಎಂದರು. ಅವ್ವ ಕುಡಿದಳು.

ಅವರು ಒಳ್ಳೆಯ ಜನ. ಅರಸೀಕೆರೆ ಕಡೆಯವರು, ಊಟಕ್ಕೂ ನಮ್ಮ ಸಾಲಿನಲ್ಲೇ ಕೂತರು, ಮಗನ ಕೈಗೆ ಹತ್ತು ರೂಪಾಯಿ ಇಟ್ಟು ಹೋದರು. ಆದರೆ ಎರಡು ತಿಂಗಳೂ ಕಳೆದಿರಲಿಲ್ಲ. 2008ರ ಜನವರಿಯ ಮೊದಲ ವಾರದ ಪತ್ರಿಕೆ ಓದಿ ನನ್ನ ಕೈ ತಣ್ಣಗಾಯಿತು.

ಕಗ್ಗಲೀಪುರದ ಕೆ.ಡಿ. ಕೆಂಪಮ್ಮ ಎಂಬಾಕೆಯನ್ನು ಪೊಲೀಸರು ಬೆಂಗಳೂರಿನಲ್ಲಿ ಹಿಡಿದಿದ್ದರು. ‘ಸೈನೈಡ್ ಮಲ್ಲಿಕಾ’ ಎಂದು ನಾಡಿಗೆಲ್ಲ ಗೊತ್ತಾದವಳು. ಮೊದಲ ಕೊಲೆ 1999ರಲ್ಲಿ, ಹೊಸಕೋಟೆಯಲ್ಲಿ. ಆಮೇಲೆ 2007ರ ಕೊನೆಯ ಕೆಲವೇ ತಿಂಗಳಲ್ಲಿ ಒಂದರ ಮೇಲೊಂದು. ಸತ್ತವರೆಲ್ಲ ಹೆಂಗಸರು, ಹೆಚ್ಚಿನವರು ಸತ್ತದ್ದು ದೇವಸ್ಥಾನದ ಆಸುಪಾಸಿನ ಕೊಠಡಿಗಳಲ್ಲಿ. ಆ ಊರುಗಳ ಸಾಲಿನಲ್ಲಿ ಎಡೆಯೂರಿನ ಹೆಸರೂ ಇತ್ತು. ಮಗುವಾಗಲಿಲ್ಲ ಎಂದು ಬಂದವರು, ಕಾಯಿಲೆ ವಾಸಿಯಾಗಲೆಂದು ಬಂದವರು, ಮನೆಯವರೊಬ್ಬರು ಕಾಣೆಯಾಗಿದ್ದಾರೆಂದು ಬಂದವರು. ಆಕೆ ಪಕ್ಕದಲ್ಲಿ ಕೂತು ಕಷ್ಟ ಕೇಳುತ್ತಿದ್ದಳು. ಮಂಡಲ ಪೂಜೆ ಮಾಡಿಸಿದರೆ ಎಲ್ಲ ನೀಗುತ್ತದೆ, ಮೈತುಂಬ ಒಡವೆ ಹಾಕಿಕೊಂಡು ಮಡಿಯಲ್ಲಿ ಬನ್ನಿ, ಯಾರಿಗೂ ಹೇಳಬೇಡಿ ಎನ್ನುತ್ತಿದ್ದಳು. ಪೂಜೆಯ ಕೊನೆಗೆ ತೀರ್ಥ. ಅದರಲ್ಲಿ ಸೈನೈಡು. ಮುಂದೆ ಆಕೆಗೆ ಮರಣದಂಡನೆಯಾಯಿತು, ಅದು ಜೀವಾವಧಿಗೆ ಇಳಿಯಿತು.

ಅವತ್ತು ಪತ್ರಿಕೆ ಮಡಚಿ ಅವ್ವನ ಮೇಲೆ ರೇಗಿದೆ. “ಯಾರೋ ಏನೋ ಗೊತ್ತಿಲ್ಲ, ಕೊಟ್ಟ ನೀರು ಕುಡಿದುಬಿಟ್ಯಲ್ಲವ್ವ!”

ಅವ್ವ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. “ಕೇಳಿದ್ಲಲ್ಲ, ಅದ್ಕೇ ಕುಡುದೆ” ಎಂದಳು.

ಆ ಮಾತು ನನ್ನನ್ನು ಇಷ್ಟು ವರ್ಷವಾದರೂ ಬಿಟ್ಟಿಲ್ಲ. ಇದನ್ನು ಬರೆಯಲು ಕೂತದ್ದೂ ಅದರಿಂದಲೇ.

ಕೆಂಪಮ್ಮನ ಸುದ್ದಿ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಉದ್ಗಾರ: “ಹೆಂಗಸಾಗಿ ಹಿಂಗೆ ಮಾಡಿದ್ಲಲ್ಲ!” ಮರುವರ್ಷ, 2009ರಲ್ಲಿ, ಮೋಹನ್ ಕುಮಾರ್ ಸಿಕ್ಕಿಬಿದ್ದ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು, ಮದುವೆಯ ಆಸೆ ತೋರಿಸಿ ಇಪ್ಪತ್ತು ಹೆಣ್ಣುಮಕ್ಕಳನ್ನು ಅದೇ ಸೈನೈಡಿನಿಂದ ಕೊಂದ ಆರೋಪ ಹೊತ್ತವನು. “ಗಂಡಸಾಗಿ ಹಿಂಗೆ ಮಾಡಿದನಲ್ಲ” ಎಂದು ಯಾರೂ ಅಂದದ್ದನ್ನು ನಾನು ಕೇಳಲಿಲ್ಲ. ಗಂಡಸು ಕ್ರೂರಿಯಾದರೆ ಅವನು ಕೆಟ್ಟವನು. ಹೆಂಗಸು ಕ್ರೂರಿಯಾದರೆ ಅವಳು ಹೆಂಗಸೇ ಅಲ್ಲ, ದೆವ್ವ, ರಾಕ್ಷಸಿ, ಮಾರಿ. ಈಗ ಅದಕ್ಕೊಂದು ಹೊಸ ಹೆಸರು ಸಿಕ್ಕಿದೆ, ಸೈಕೋ. ಹಾಸನದ ಕಾಲೇಜು ಹುಡುಗಿಯರೂ ಸಿಟ್ಟಿನ ಗೆಳತಿಯನ್ನು ಹಾಗೆ ಕರೆಯುತ್ತಾರೆ.

ಪತ್ರಿಕೆಯ ವರದಿ ಓದಿ ಕೆಂಪಮ್ಮನಿಗೆ ಆ ಹೆಸರಿಡುವ ಅಧಿಕಾರ ನನಗಿಲ್ಲ. ಅದು ಪರೀಕ್ಷೆ ಮಾಡಿದ ವೈದ್ಯರ ಕೆಲಸ. ಆದರೆ ಆ ಪದದ ಹಿಂದೆ ಏನಿದೆ ಎಂದು ತಿಳಿಯುವ ಹಂಬಲದಿಂದ ಸಾಕಷ್ಟು ಓದಿದೆ. ಬುದ್ಧಿ ನೆಟ್ಟಗಿದ್ದೂ ನೀತಿಯ ಕಡೆ ಮಾತ್ರ ಕುರುಡಾದ ಮನಸ್ಸನ್ನು ಇಂಗ್ಲೆಂಡಿನ ವೈದ್ಯ ಪ್ರಿಚರ್ಡ್ 1835ರಲ್ಲೇ ‘ನೈತಿಕ ಹುಚ್ಚು’ ಎಂದು ಕರೆದಿದ್ದ. ಅಮೆರಿಕದ ಹರ್ವಿ ಕ್ಲೆಕ್ಲಿ 1941ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ಅವನ ಮಾತಿನ ಸಾರವಿದೆ: ಅದೊಂದು ಸ್ವಸ್ಥತೆಯ ಮುಖವಾಡ. ಭ್ರಮೆಯಿಲ್ಲ, ಕಿವಿಯಲ್ಲಿ ಸದ್ದು ಕೇಳುವುದಿಲ್ಲ, ಮಾತು ಸೊಗಸು, ನಡೆ ಚೊಕ್ಕ. ಒಳಗೆ ಇನ್ನೊಬ್ಬರ ನೋವು ತಟ್ಟುವ ಜಾಗ ಮಾತ್ರ ಖಾಲಿ. ಕೆನಡಾದ ರಾಬರ್ಟ್ ಹೇರ್ ಇದನ್ನು ಅಳೆಯಲು ಇಪ್ಪತ್ತು ಅಂಶಗಳ ಪಟ್ಟಿ ಮಾಡಿದ. ಒಂದೊಂದಕ್ಕೆ ಸೊನ್ನೆಯಿಂದ ಎರಡು ಅಂಕ, ಒಟ್ಟು ನಲವತ್ತು. ಮೂವತ್ತು ಮುಟ್ಟಿದರೆ ಸೈಕೋಪತಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೈದಿಗಳನ್ನು ಹೀಗೆ ಅಳೆದಾಗ, 2009ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಗಂಡಸರಲ್ಲಿ ಶೇ. 7.7, ಹೆಂಗಸರಲ್ಲಿ ಶೇ. 1.9 ಮಂದಿ ಆ ಗೆರೆ ಮುಟ್ಟಿದರು. ಜೈಲಿನೊಳಗೂ ನೂರು ಹೆಂಗಸರಲ್ಲಿ ಇಬ್ಬರು. ನಾವು ದಿನಕ್ಕೆ ಎಷ್ಟು ಜನರನ್ನು ಸೈಕೋ ಎಂದುಬಿಡುತ್ತೇವೆ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಆ ಪಟ್ಟಿಯೂ ಗಂಡು ಕೈದಿಗಳನ್ನು ನೋಡಿ ಕಟ್ಟಿದ್ದು. ಹಲವರ ಜೊತೆ ದೇಹಸಂಬಂಧ, ಮುರಿದುಬಿದ್ದ ಹಲವು ಮದುವೆಗಳು, ಇನ್ನೊಬ್ಬರ ದುಡಿಮೆಯ ಮೇಲೆ ಬದುಕುವುದು ಎಂಬ ಅಂಶಗಳೂ ಅದರಲ್ಲಿವೆ. ಗಂಡ ಹೊಡೆದು ಹೊರಹಾಕಿದ ಮೇಲೆ ಇನ್ನೊಬ್ಬನ ಆಸರೆ ಹುಡುಕಿದ ಹೆಣ್ಣಿಗೆ ಅಲ್ಲಿ ಎಷ್ಟು ಅಂಕ ಕೊಡಬೇಕು? ಅವಳ ಬದುಕಿನ ಕಥೆಯನ್ನು ಪೂರ್ತಿ ಕೇಳದೆ ಆ ಲೆಕ್ಕ ಹಾಕಲಾಗದು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಇಂಥವರಿಗೆ ಪರರ ದುಃಖ ಅರ್ಥವಾಗುವುದಿಲ್ಲ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅನೇಕರಿಗೆ ಅರ್ಥವಾಗುತ್ತದೆ. ಯಾರ ಎದೆಯಲ್ಲಿ ಏನು ಕುದಿಯುತ್ತಿದೆ ಎಂದು ಊಹಿಸಬಲ್ಲರು. ತಿಳಿದದ್ದು ಒಳಗಿಳಿದು ತಮ್ಮನ್ನೂ ನೋಯಿಸುವುದಿಲ್ಲ, ಅಷ್ಟೆ. ಕೆನಡಾದ ಆಂಟೇರಿಯೊ ಪ್ರಾಂತ್ಯದ ಓಕ್ ರಿಜ್ ಎಂಬ ಬಂದೋಬಸ್ತಿನ ಆಸ್ಪತ್ರೆಯಲ್ಲಿ 1960, 70ರ ದಶಕಗಳಲ್ಲಿ ಒಂದು ಪ್ರಯೋಗ ನಡೆಯಿತು. ಗಂಡು ಅಪರಾಧಿಗಳು ಒಬ್ಬರ ಮುಂದೊಬ್ಬರು ಮನಸ್ಸು ಬಿಚ್ಚಿ, ಪರಸ್ಪರ ನೋವು ಕೇಳುತ್ತ ವಾಸಿಯಾಗಲಿ ಎಂಬ ಸದಾಶಯ. 1992ರಲ್ಲಿ ಅವರ ಮುಂದಿನ ಬದುಕನ್ನು ಲೆಕ್ಕ ಹಾಕಿದಾಗ ಸೈಕೋಪತಿ ಇಲ್ಲದವರಿಗೆ ಅನುಕೂಲವಾಗಿತ್ತು, ಇದ್ದವರಲ್ಲಿ ಹಿಂಸೆ ಇನ್ನೂ ಹೆಚ್ಚಿತ್ತು. ಅವರು ಅಲ್ಲಿ ಕಲಿತದ್ದು ಕರುಣೆಯನ್ನಲ್ಲ, ಕರುಣೆಯ ನುಡಿಗಟ್ಟನ್ನು ಎನಿಸುತ್ತದೆ.

ಎಡೆಯೂರಿನ ಕಂಬದ ಹತ್ತಿರ ಕೂತು “ಏನ್ ಕಷ್ಟ ಇತ್ತೋ ಪಾಪ” ಎಂದವರ ಬಾಯಲ್ಲಿದ್ದದ್ದೂ ಅದೇ ನುಡಿ. ಅರಸೀಕೆರೆಯ ಆ ತಾಯಿಯ ಬಾಯಲ್ಲಿ ಅದು ಅಮೃತ. ಅದೇ ತಿಂಗಳಲ್ಲಿ ಇನ್ನೊಬ್ಬಳ ಬಾಯಲ್ಲಿ ವಿಷ. ಮಾತಿನ ಮೇಲೆ ಯಾವ ಗುರುತೂ ಇರಲಿಲ್ಲ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ನಮ್ಮ ಊರುಗಳಿಗೆ ಗೊತ್ತಿರುವುದು ಒಂದೇ ಪರೀಕ್ಷೆ, ಕಣ್ಣೀರು. ಕೊಲೆ ಮಾಡಿದ ಹೆಂಗಸನ್ನು ಪೊಲೀಸರು ಜೀಪಿನಿಂದ ಇಳಿಸುವಾಗ ಜನ ನೋಡುವುದು ಅವಳ ಕಣ್ಣನ್ನು. “ಒಂದ್ ಹನಿ ಹಾಕ್ಲಿಲ್ಲ ನೋಡು.” ತೀರ್ಪು ಅಲ್ಲೇ ಮುಗಿಯುತ್ತದೆ. ಗಂಡ ಸತ್ತ ಮನೆಯಲ್ಲಿ ಎದೆ ಬಡಿದುಕೊಳ್ಳದ ಹೆಂಡತಿಗೂ ಇದೇ ಪರೀಕ್ಷೆ, ಕೂಸು ಸತ್ತ ಮನೆಯಲ್ಲಿ ನನ್ನ ಅವ್ವನಿಗೂ ಇದೇ.

ಮಕ್ಕಳನ್ನು ಸೊಂಟಕ್ಕೆ ಕಟ್ಟಿಕೊಂಡು ಕೆರೆಗೋ ಬಾವಿಗೋ ಹಾರಿ, ಮಕ್ಕಳು ಸತ್ತು ತಾನೊಬ್ಬಳೇ ಬದುಕಿಬಿಟ್ಟ ತಾಯಿಯನ್ನು ನೆನೆದುಕೊಳ್ಳಿ. ಕಾನೂನಿನ ಪ್ರಕಾರ ಅವಳು ಕೊಲೆಗಾರ್ತಿ. 1953ರಲ್ಲಿ ಮಧ್ಯಭಾರತದ ಹೈಕೋರ್ಟಿನ ಮುಂದೆ ಬಂದ ಗ್ಯಾರ್ಸಿಬಾಯಿಯ ಕಥೆ ಅಂಥದ್ದು. ನಾದಿನಿಯ ಜೊತೆ ಜಗಳ, ಮೂರು ಮಕ್ಕಳೊಂದಿಗೆ ಬಾವಿಗೆ ಹಾರಿದಳು, ಅವಳನ್ನು ಮಾತ್ರ ಮೇಲೆತ್ತಿದರು. ಅಂಥವಳು ನ್ಯಾಯಾಲಯದಲ್ಲಿ ಅಳುತ್ತಾಳೆಂದು ಯಾರು ನಿರೀಕ್ಷಿಸಬೇಕು? ಅಳಲು ಒಳಗೆ ಯಾರಾದರೂ ಉಳಿದಿರಬೇಕಲ್ಲ. ಇಂಗ್ಲೆಂಡಿನ ಬ್ರಾಡ್‌ಮೂರ್ ಆಸ್ಪತ್ರೆ, ಅಪರಾಧ ಮಾಡಿದ ಮನೋರೋಗಿಗಳಿಗಾಗಿಯೇ ಕಟ್ಟಿದ್ದು, 1863ರ ಮೇ ತಿಂಗಳಲ್ಲಿ ತೆರೆದಾಗ ಮೊದಲು ಒಳಗೆ ಹೋದವರು ಹೆಂಗಸರು. ಎಳೆಗೂಸನ್ನು ಕೊಂದವರು ಅವರಲ್ಲಿ ಹಲವರು. ಹೆರಿಗೆಯ ಬಳಿಕ ಮನಸ್ಸು ಕೆಡುವುದಕ್ಕೆ ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದರು. ಹೆಸರು ಗೊತ್ತಿತ್ತು, ಆದರೂ ಸನ್ನಿ ಹಿಡಿದವಳ ಕಣ್ಣೊಣಗಿದ್ದನ್ನು ಕಲ್ಲೆದೆ ಎಂದೇ ಎಣಿಸಿದರು. ಒಂದೆಡೆ ದುಃಖವೇ ಇಲ್ಲದ್ದರಿಂದ ಅಳದವಳು, ಇನ್ನೊಂದೆಡೆ ದುಃಖ ಅತಿಯಾಗಿ ಅಳದವಳು. ಹೊರಗಿನಿಂದ ನೋಡುವವರಿಗೆ ಇಬ್ಬರ ಮುಖವೂ ಒಂದೇ.

ಜೈಲಿನೊಳಗೆ ಈ ಇಬ್ಬರೂ ಒಂದೇ ಬ್ಯಾರಕ್ಕಿನಲ್ಲಿ ಇರುತ್ತಾರೆ. 2022ರ ಕೊನೆಯಲ್ಲಿ ದೇಶದ ಕಾರಾಗೃಹಗಳಲ್ಲಿದ್ದ 5,73,220 ಮಂದಿಯಲ್ಲಿ ಹೆಂಗಸರು 23,772, ಅಂದರೆ ನೂರಕ್ಕೆ ನಾಲ್ಕು. ಇಷ್ಟು ಕಡಿಮೆ ಇರುವುದೇ ಅವರಿಗೆ ಶಾಪ. ಜೈಲು ಕಟ್ಟಿದ್ದು ಗಂಡಸರಿಗಾಗಿ, ಹೆಂಗಸರಿಗೆ ಅದರ ಒಂದು ಮೂಲೆ. ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಕುಡಿತ, ತಂಬಾಕಿನಂಥ ಚಟಗಳನ್ನು ಬದಿಗಿಟ್ಟರೂ ಶೇ. 27.6 ಜನರಿಗೆ ಮನೋರೋಗವಿತ್ತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಅವರಲ್ಲಿ ಕಲ್ಲಾದವರೆಷ್ಟು, ಕಲ್ಲಿನಂತೆ ಕಂಡವರೆಷ್ಟು ಎಂದು ಬೇರ್ಪಡಿಸಬೇಕಾದರೆ ಒಬ್ಬೊಬ್ಬರ ಪಕ್ಕ ಕೂತು ಗಂಟೆಗಟ್ಟಲೆ ಕೇಳಬೇಕು. ಗಂಡ ಜೈಲಿನಲ್ಲಿದ್ದರೆ ಹೆಂಡತಿ ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ಹೆಂಡತಿ ಒಳಗಿದ್ದಾಗ ಹಾಗೆ ನಿಂತ ಗಂಡಂದಿರನ್ನು ನಾನು ಕಂಡದ್ದು ಬಲು ಕಡಿಮೆ.

ಸೈಕೋಪತಿ ಇದ್ದರೆ ಶಿಕ್ಷೆ ಕಡಿಮೆಯಾಗಬೇಕೆ ಎಂದು ಕೇಳುವವರಿದ್ದಾರೆ. ನಮ್ಮ ಸುಪ್ರೀಂ ಕೋರ್ಟು 2008ರ ಹರಿಸಿಂಗ್ ಗೋಂಡ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಕಾನೂನು ವಿನಾಯಿತಿ ಕೊಡುವ ಬುದ್ಧಿಭ್ರಮಣೆಯೇ ಬೇರೆ, ಸೈಕೋಪತಿಯ ವರ್ತನೆಗೆ ಆ ರಕ್ಷಣೆ ಸಿಗದು. ಮಾಡುತ್ತಿರುವುದು ಏನು, ಅದು ತಪ್ಪೇ ಎಂದು ಗೊತ್ತಿದ್ದು ಮಾಡಿದವಳು ಹೊಣೆ ಹೊರಲೇಬೇಕು. ನನಗೂ ಅದು ಸರಿಯೆನಿಸುತ್ತದೆ. ಸತ್ತವರ ಮನೆಗಳಲ್ಲಿ ಇನ್ನೂ ಖಾಲಿ ಜಾಗಗಳಿವೆ.

ಆದರೂ ಮನಸ್ಸು ಅಲ್ಲಿಗೆ ನಿಲ್ಲುವುದಿಲ್ಲ. ನಮ್ಮ ಜಿಲ್ಲೆಯ ಹಳೇಬೀಡೇ ಹೊಯ್ಸಳರ ದೋರಸಮುದ್ರ. ವೀರಬಲ್ಲಾಳನ ಆ ಆಸ್ಥಾನದ ಕವಿ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಅದರ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊಂದವಳು. ಕನ್ನಡ ಕಾವ್ಯ ಕಂಡ ವಿಷಕನ್ಯೆ ಎಂದು ಬೈದು ಮುಂದೆ ಹೋಗಬಹುದಿತ್ತು. ಜನ್ನ ಹಾಗೆ ಮಾಡಲಿಲ್ಲ. ರಾತ್ರಿಯ ನೀರವದಲ್ಲಿ ಕೇಳಿದ ಒಂದು ಹಾಡಿಗೆ ಅವಳ ಮನಸ್ಸು ಹೇಗೆ ಜಾರಿತು ಎಂಬುದನ್ನು ತಾಳ್ಮೆಯಿಂದ ಹೇಳಿದ. ಇನ್ನೂ ಬೆರಗಿನ ಸಂಗತಿ ಬೇರೆ ಇದೆ. ಕಾವ್ಯದ ತೂಕವೆಲ್ಲ ಬೀಳುವುದು ಕೊಂದವಳ ಮೇಲಲ್ಲ, ಸತ್ತವರ ಮೇಲೆ. ಯಶೋಧರನೂ ಅವನ ತಾಯಿಯೂ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟಿದ್ದರು. ಜೀವವಿಲ್ಲದ ಕೋಳಿ, ಹರಿದ ರಕ್ತವಿಲ್ಲ. ಆದರೂ ಕತ್ತಿ ಎತ್ತುವಾಗ ಮನಸ್ಸಿನಲ್ಲಿ ಹಿಂಸೆಯಿತ್ತು. ಆ ಸಂಕಲ್ಪಕ್ಕಾಗಿ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನರಳಿದರು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕ ಬರೆದದ್ದೂ ಈ ಎಳೆ ಹಿಡಿದೇ.

ಹೃದಯದಲ್ಲಿ ಎದ್ದ ಕಂಪನವನ್ನೇ ತೂಗುವ ಆ ತಕ್ಕಡಿಯಲ್ಲಿ, ಕಂಪಿಸದ ಹೃದಯವನ್ನು ಎಲ್ಲಿಡುವುದು? ಯಶೋಧರ ಅತ್ತು ಅತ್ತು ಕೊನೆಗೆ ಬಿಡುಗಡೆಗೆ ಹತ್ತಿರವಾದ. ಪಶ್ಚಾತ್ತಾಪವೇ ಹುಟ್ಟದವಳಿಗೆ ಬಿಡುಗಡೆಯ ಬಾಗಿಲೇ ಇಲ್ಲ. ಅವಳನ್ನು ಕ್ಷಮಿಸಿ ಎಂದು ನಾನು ಹೇಳುತ್ತಿಲ್ಲ. ಅವಳಿಗೆ ಸಿಕ್ಕದೇ ಹೋದದ್ದು ಎಷ್ಟು ದೊಡ್ಡದು ಎಂದು ಯೋಚಿಸಿದಾಗ ಭಯದ ಜೊತೆ ಮರುಕವೂ ಬರುತ್ತದೆ. ತನ್ನ ಕೂಸಿನ ಅಳು ಕೇಳಿಯೂ ಎದೆ ಜುಂ ಎನ್ನದ ಬದುಕು ಎಂಥ ಬರಡು.

ಮತ್ತೆ ಮತ್ತೆ ನನ್ನ ಯೋಚನೆ ಕೊಂದವಳಿಂದ ಸತ್ತವರ ಕಡೆಗೇ ತಿರುಗುತ್ತದೆ. ಆ ಹೆಂಗಸರು ಮೈತುಂಬ ಒಡವೆ ಹಾಕಿಕೊಂಡು, ಮನೆಯಲ್ಲಿ ಒಂದು ಮಾತೂ ಹೇಳದೆ, ಹೆಸರೂ ಸರಿಯಾಗಿ ಗೊತ್ತಿಲ್ಲದವಳ ಹಿಂದೆ ಹೋದರು. ಬರೀ ಮೂಢನಂಬಿಕೆ ಎಂದು ಆಗ ಬಹಳ ಜನ ಬರೆದರು. ಅದು ಅರ್ಧ ಸತ್ಯ. ಅವರ ಕಷ್ಟವನ್ನು ಯಾರಾದರೂ ಕಿವಿಗೊಟ್ಟು ಕೇಳಿ ಎಷ್ಟು ವರ್ಷಗಳಾಗಿದ್ದವು? ಕೊಲೆಗಾರ್ತಿಯ ಹತ್ತಿರ ಇದ್ದ ನಿಜವಾದ ಆಯುಧ ಸೈನೈಡಲ್ಲ, ಆ ಬಿಡುವು. ಕೂತು ಕೇಳುವ ಬಿಡುವು. ಅದು ನಮ್ಮ ಮನೆಗಳಲ್ಲಿ ಸಿಗುತ್ತಿದ್ದರೆ ಅವಳ ವ್ಯಾಪಾರ ನಡೆಯುತ್ತಿರಲಿಲ್ಲ.

ಹಾಸನಾಂಬೆಯ ಗುಡಿಯಲ್ಲಿ ಒಂದು ಸೊಸೆ ಕಲ್ಲಿದೆ. ಆಶ್ವಯುಜದಲ್ಲಿ ಕೆಲವೇ ದಿನ ಬಾಗಿಲು ತೆಗೆದಾಗ ಸಾಲಿನಲ್ಲಿ ನಿಂತವರೆಲ್ಲ ಆ ಕಥೆ ಹೇಳಿಕೊಳ್ಳುತ್ತಾರೆ. ದಿನಾ ಗುಡಿಗೆ ಬಂದು ಅಮ್ಮನ ಮುಂದೆ ನಿಲ್ಲುತ್ತಿದ್ದ ಸೊಸೆ. ಮನೆಗೆಲಸ ಬಿಟ್ಟು ಇಲ್ಲೇನು ಮಾಡುತ್ತೀಯೆಂದು ಅತ್ತೆ ಹಿಂದಿನಿಂದ ಬಂದು ತಲೆಗೆ ಕುಕ್ಕಿದಳು. ಸೊಸೆ ಅಮ್ಮಾ ಎಂದು ಕೂಗಿದಳು, ದೇವಿ ಅವಳನ್ನು ಕಲ್ಲಾಗಿಸಿ ತನ್ನ ಬಳಿಯೇ ಇಟ್ಟುಕೊಂಡಳು. ವರ್ಷಕ್ಕೊಂದು ಅಕ್ಕಿಕಾಳಿನಷ್ಟು ಆ ಕಲ್ಲು ದೇವಿಯ ಕಡೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎನ್ನುತ್ತಾರೆ. ಕಥೆಯಲ್ಲಿ ಎಲ್ಲರೂ ಅತ್ತೆಯ ಕ್ರೌರ್ಯವನ್ನೇ ನೆನೆಯುತ್ತಾರೆ. ನನಗೆ ಕಾಣುವುದು ಆ ಸೊಸೆ ದಿನಾ ದೇವಿಗೆ ಏನು ಹೇಳುತ್ತಿದ್ದಳೋ ಆ ಮಾತು. ಗಂಡ ಆ ಕಥೆಯಲ್ಲಿ ಎಲ್ಲೂ ಇಲ್ಲ.

ಭೈರಪ್ಪನವರ ‘ಗೃಹಭಂಗ’ದ ಗಂಗಮ್ಮನೂ ನಮ್ಮ ಸೀಮೆಯವಳೇ. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಗಂಗಮ್ಮ ಬಾಯಿ ತೆಗೆದರೆ ಬೈಗುಳ, ಸೊಸೆ ನಂಜಮ್ಮನ ಯಾವ ಸಂಕಟಕ್ಕೂ ಕರಗದ ಜೀವ. ಆ ಕಾದಂಬರಿ ಓದಿದವರು ತಮ್ಮೂರಿನ ಗಂಗಮ್ಮನ ಹೆಸರನ್ನು ತಕ್ಷಣ ಹೇಳುತ್ತಾರೆ. ಅವಳನ್ನು ನಾವು ಸೈಕೋ ಎನ್ನಲಿಲ್ಲ, ಜೈಲಿಗೂ ಕಳಿಸಲಿಲ್ಲ. “ಅವಳ ಸ್ವಭಾವ, ಏನ್ ಮಾಡಕಾಯ್ತದೆ” ಎಂದು ಒಳಮನೆಯಲ್ಲೇ ಬಿಟ್ಟೆವು. ಜೈಲಿನ ಹೊರಗೆ ಹೀಗೆ ಸ್ವಭಾವ ಎನಿಸಿಕೊಂಡ ಕ್ರೌರ್ಯದಿಂದ ಎಷ್ಟು ಸೊಸೆಯಂದಿರು ಕಲ್ಲಾದರೋ, ಅದರ ಎಣಿಕೆ ಯಾವ ಪಟ್ಟಿಯಲ್ಲೂ ಇಲ್ಲ.

ಈಗ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ಮನೋಚೈತನ್ಯ ಅದರ ಹೆಸರು. ಅರಕಲಗೂಡಿಗೆ ನೆಂಟರೊಬ್ಬರನ್ನು ಕರೆದುಕೊಂಡು ಹೋಗಿದ್ದಾಗ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಬಂದ ಹೆಂಗಸರಲ್ಲಿ ಒಬ್ಬರೂ ಮನಸ್ಸಿನ ಮಾತೆತ್ತಲಿಲ್ಲ. ತಲೆನೋವು, ಎದೆ ಉರಿ, ನಿದ್ದೆ ಬರಲ್ಲ, ಕೈಕಾಲು ಸೇದುತ್ತೆ. ಒಬ್ಬಾಕೆ ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಹೊರಗೆ ಬಂದರು. ಮಾತ್ರೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡು, ಪಕ್ಕದವಳಿಗೆ ಹೇಳಿದರು: “ಡಾಕ್ಟ್ರು ಪೂರಾ ಕೇಳುದ್ರು ಕಣೆ.” ಮಾತ್ರೆ ಕೊಟ್ಟರು ಎನ್ನಲಿಲ್ಲ.

ಹೋದ ಕಾರ್ತಿಕದಲ್ಲಿ ಅವ್ವನನ್ನು ಮತ್ತೆ ಎಡೆಯೂರಿಗೆ ಕರೆದುಕೊಂಡು ಹೋದೆ. ಅವಳಿಗೀಗ ಮೊಣಕಾಲು ನೋವು, ಕಂಬ ಹಿಡಿದು ನಿಧಾನಕ್ಕೆ ಕೂತಳು. ಈ ಸಲ ನಾನು ಕಂಬದ ಆಚೆ ಹೋಗಲಿಲ್ಲ, ಪಕ್ಕದಲ್ಲೇ ಕೂತೆ.

“ಅವ್ವ, ಆ ಕೂಸು ಹೋದ ದಿನ ನೀನು ಏನ್ ಮಾಡ್ದೆ?”

ಅವಳು ನನ್ನ ಮುಖ ನೋಡಿದಳು. ಹದಿನೇಳು ಹದಿನೆಂಟು ವರ್ಷದ ಹಿಂದೆ ಕದ್ದು ಕೇಳಿಸಿಕೊಂಡದ್ದು ಅವಳಿಗೆ ಆಗಲೇ ಗೊತ್ತಿತ್ತೋ ಏನೋ, ನಿನಗೆ ಯಾರು ಹೇಳಿದರು ಎಂದು ಕೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸುಮಾರು ಹೊತ್ತು ಸುಮ್ಮನಿದ್ದಳು.

“ಹಸ ಕರುದೆ” ಎಂದಳು. “ಗಂಡಸ್ರೆಲ್ಲ ಕೂಸ್ನ ಎತ್ಕಂಡ್ ತೋಟದ ಕಡೆ ಹೋದ್ರು. ಕೊಟ್ಟಿಗೇಲಿ ಹಸ ಅರಚ್ತಿತ್ತು, ಹೋಗಿ ಕೂತ್ಕಂಡು ಕರುದೆ. ನಿಮ್ಮಜ್ಜಿ ಬಾಗಿಲಲ್ಲಿ ನಿಂತ್ಕಂಡು ಬೋದ್ರು, ಹೆಣ ಹೋಗಿ ಗಳಿಗೆ ಆಗಿಲ್ಲ, ಹಾಲು ಕರೀತಾಳೆ ಅಂತ. ಅವ್ರಿಗೆ ಏನಂತ ಹೇಳದು? ಅದ್ರ ಕೆಚ್ಲು ಕಲ್ಲಾಗಿತ್ತು ಕಣೆ. ಬಿಗುದ್ರೆ ಹೆಂಗಿರ್ತದೆ ಅಂತ ಅವತ್ತು ನಂಗೂ ಗೊತ್ತಿತ್ತು.”